ತಟ್ಟೆ ಎಣಿಸುವ ಮೊದಲು ಕಾವು ನೋಡಿ: ಜಿಂಕೆ ಜರ್ಕಿಗೆ ಡಿಹೈಡ್ರೇಟರ್ ಆರಿಸುವ ಬಗೆ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುವ ಒಂಬತ್ತು ದಿನಗಳ ಋತು ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗುತ್ತದೆ. ಕಾಡಿನಲ್ಲಿ ಹೊಡೆದ ಮಾಂಸವನ್ನು ಅಲ್ಲಿ ಮಾರುವಂತಿಲ್ಲ, ಆದರೆ ಕೊಡಬಹುದು. ಆದ್ದರಿಂದ ಡಿಸೆಂಬರ್ ಹೊತ್ತಿಗೆ ಮಿಲ್ವಾಕಿ, ಮ್ಯಾಡಿಸನ್ ಕಡೆ ಕೆಲಸದಲ್ಲಿರುವ ನಮ್ಮವರ ಕೈಗೂ ಆಫೀಸಿನ ಗೆಳೆಯರಿಂದಲೋ ಪಕ್ಕದ ಮನೆಯವರಿಂದಲೋ ಬಿಳಿ ಕಾಗದದಲ್ಲಿ ಸುತ್ತಿ ಮೇಲೆ ತಾರೀಖು ಬರೆದ, ಕಲ್ಲಿನಂತೆ ಹೆಪ್ಪುಗಟ್ಟಿದ ನಾಲ್ಕಾರು ಪೊಟ್ಟಣ ಬಂದು ಸೇರುತ್ತವೆ. ಸಾರು ಮಾಡಿ, ಪಲ್ಯ ಮಾಡಿ, ಆಮೇಲೂ ಫ್ರೀಜರಿನ ಅರ್ಧ ತುಂಬಿಯೇ ಇರುತ್ತದೆ. ಕೊಟ್ಟವರೇ ಹೇಳಿಕೊಡುವ ಉಪಾಯ ಜರ್ಕಿ: ತೆಳ್ಳಗೆ ಸೀಳಿ, ಮಸಾಲೆಯಲ್ಲಿ ನೆನೆಸಿ, ಒಣಗಿಸಿದ ಮಾಂಸದ ಪಟ್ಟಿ. ಅದಕ್ಕೊಂದು ಡಿಹೈಡ್ರೇಟರ್ ಕೊಳ್ಳೋಣವೆಂದು ಹೊರಟರೆ ಐದು ತಟ್ಟೆಯದು, ಒಂಬತ್ತು ತಟ್ಟೆಯದು, ಗುಂಡನೆಯದು, ಚೌಕದ್ದು, ಗಾಜಿನ ಬಾಗಿಲಿನದು, ಫೋನಿನಿಂದ ನಡೆಸುವಂಥದ್ದು ಎಂದು ಅಂಗಡಿಯ ತುಂಬ ಪೆಟ್ಟಿಗೆಗಳು.

ಊರಲ್ಲಿ ಕುಳಿತು ಓದುತ್ತಿರುವವರಿಗೆ ಮೊದಲೇ ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ಜಿಂಕೆ, ಕಡವೆಗಳ ಬೇಟೆ ಮಾತ್ರವಲ್ಲ, ಅವುಗಳ ಮಾಂಸ ಮನೆಯಲ್ಲಿಟ್ಟುಕೊಳ್ಳುವುದೂ ಅಪರಾಧ. ಕೊಡಗಿನವರಿಗೆ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬೇಟೆಯಾಡಲು ಕೊಟ್ಟ ಅನುಮತಿ ಅಲ್ಲ. ಈ ಲೇಖನ ಬೇಟೆ ಕಾನೂನುಬದ್ಧವಾಗಿರುವ ಕಡೆಯವರಿಗೆ. ಆದರೂ ಯಂತ್ರದ ಬಗ್ಗೆ ಇಲ್ಲಿ ಹೇಳಿರುವುದೆಲ್ಲ ಕುರಿ ಮಾಂಸಕ್ಕೂ ಹೊಂದುತ್ತದೆ.

ಒಣಗುವುದು ಬೇರೆ, ಬೇಯುವುದು ಬೇರೆ

ಮಾಂಸ ಒಣಗಿಸುವುದು ನಮಗೇನು ಹೊಸತಲ್ಲ. ಉಪ್ಪು, ಅರಿಸಿನ ಸವರಿ, ದಾರಕ್ಕೆ ಪೋಣಿಸಿ, ಬಿಸಿಲಿಗೆ ಕಟ್ಟಿದ ಉಪ್ಪುಕಂಡ ತಲೆಮಾರುಗಳಿಂದ ಇದೆ. ಅದನ್ನು ನೋಡಿ ಬೆಳೆದವರು ಜರ್ಕಿಯನ್ನೂ ಅದರ ಲೆಕ್ಕಕ್ಕೇ ಸೇರಿಸಿಬಿಡುತ್ತಾರೆ. ಒಂದು ದೊಡ್ಡ ವ್ಯತ್ಯಾಸವಿದೆ. ಉಪ್ಪುಕಂಡವನ್ನು ಯಾರೂ ಹಾಗೇ ತಿನ್ನುವುದಿಲ್ಲ. ಅದು ಕೊನೆಗೆ ಎಣ್ಣೆಯಲ್ಲಿ ಹುರಿಯುತ್ತದೆ, ಇಲ್ಲವೇ ಸಾರಿನಲ್ಲಿ ಕುದಿಯುತ್ತದೆ. ಜರ್ಕಿ ತಟ್ಟೆಯಿಂದ ನೇರ ಬಾಯಿಗೆ. ಮಧ್ಯೆ ಒಲೆ ಇಲ್ಲ. ಒಲೆ ಮಾಡಬೇಕಾದ ಕೆಲಸವನ್ನು ಬೇರೆ ಯಾವುದಾದರೂ ಮಾಡಲೇಬೇಕು.

ಆ ಕೆಲಸ ಆಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ 1995ರಲ್ಲಿ ಆರೆಗಾನ್ ರಾಜ್ಯದಲ್ಲಿ ನಡೆದ ಪ್ರಕರಣವನ್ನು ಅಲ್ಲಿನ ಆಹಾರ ತಜ್ಞರು ಈಗಲೂ ಎತ್ತಿ ಹೇಳುತ್ತಾರೆ. ಮನೆಯಲ್ಲಿ ಮಾಡಿದ ಜಿಂಕೆ ಜರ್ಕಿ ತಿಂದ 11 ಮಂದಿಗೆ ಇ.ಕೋಲೈ ಓ157 ಸೋಂಕು ತಗುಲಿತ್ತು. ಜರ್ಕಿ ಚೆನ್ನಾಗಿಯೇ ಒಣಗಿತ್ತು. ಆದರೆ ಒಣಗಿದ ಕಾವು ರೋಗಾಣು ಸಾಯುವಷ್ಟು ಇರಲಿಲ್ಲ.

ಇದರ ಹಿಂದಿನ ಸೂತ್ರ ನಮ್ಮ ಮಣ್ಣಿನ ಹೂಜಿಯದೇ. ಹೊರಮೈಯಿಂದ ನೀರು ಆರುತ್ತಿರುವಷ್ಟು ಹೊತ್ತು ಒಳಗಿನ ನೀರು ತಂಪಾಗಿರುತ್ತದೆ. ಹಸಿ ಮಾಂಸದ ಪಟ್ಟಿಯೂ ಹಾಗೆ. ಯಂತ್ರದೊಳಗಿನ ಗಾಳಿ 140 ಡಿಗ್ರಿ ಫ್ಯಾರನ್‌ಹೀಟ್ (60 ಸೆಲ್ಸಿಯಸ್) ಇದ್ದರೂ ತೇವ ಆರುತ್ತಿರುವ ತನಕ ಮಾಂಸದ ಮೈ ಅದಕ್ಕಿಂತ ತಣ್ಣಗೇ ಇರುತ್ತದೆ. ತೇವವೆಲ್ಲ ಹೋಗಿ ಮೈ ಬಿಸಿಯಾಗುವ ಹೊತ್ತಿಗೆ ಅಳಿದುಳಿದ ರೋಗಾಣುಗಳು ಒಣಗಿ, ಕಾವನ್ನು ತಡೆದುಕೊಳ್ಳುವಷ್ಟು ಗಟ್ಟಿಯಾಗಿರುತ್ತವೆ. ಆದ್ದರಿಂದಲೇ ಅಮೆರಿಕದ ಕೃಷಿ ಇಲಾಖೆ, ಮಾಂಸ ಹಸಿಯಾಗಿರುವಾಗಲೇ ಒಮ್ಮೆ 160 ಡಿಗ್ರಿ (71 ಸೆಲ್ಸಿಯಸ್) ಮುಟ್ಟಿಸಿ, ಬಾತು, ಟರ್ಕಿಯಂಥ ಹಕ್ಕಿಗಳಾದರೆ 165 ಡಿಗ್ರಿ (74 ಸೆಲ್ಸಿಯಸ್) ಮುಟ್ಟಿಸಿ, ಆಮೇಲೆ ಒಣಗಿಸಿ ಎನ್ನುತ್ತದೆ.

ಯಂತ್ರದ ಡಬ್ಬದ ಮೇಲೆ "165 ಡಿಗ್ರಿವರೆಗೆ" ಎಂದು ಬರೆದಿರುತ್ತದೆ. ಅದು ಗಾಳಿಯ ಕಾವು, ಮಾಂಸದ್ದಲ್ಲ. ಈ ಒಂದು ಸಾಲು ಅರ್ಥವಾದರೆ ಯಂತ್ರ ಆರಿಸುವುದರಲ್ಲಿ ಅರ್ಧ ಕೆಲಸ ಮುಗಿದಂತೆ.

ಫ್ಯಾನು ಎಲ್ಲಿದೆ?

ಡಿಹೈಡ್ರೇಟರ್ ಎಂದರೆ ಕಾಯುವ ಒಂದು ತಂತಿ, ಗಾಳಿ ಬೀಸುವ ಒಂದು ಫ್ಯಾನು, ಮಾಂಸ ಹರಡಲು ತೂತಿನ ತಟ್ಟೆಗಳು. ಉಳಿದದ್ದೆಲ್ಲ ಅಲಂಕಾರ. ಇವುಗಳ ಪೈಕಿ ಫ್ಯಾನು ಎಲ್ಲಿ ಕೂತಿದೆ ಎನ್ನುವುದೇ ಯಂತ್ರದ ಗುಣ ತೀರ್ಮಾನಿಸುತ್ತದೆ.

ಫ್ಯಾನೇ ಇಲ್ಲದವೂ ಇವೆ. ತಳದಲ್ಲಿ ತಂತಿ ಕಾಯುತ್ತದೆ, ಬಿಸಿಗಾಳಿ ತನ್ನಷ್ಟಕ್ಕೆ ಮೇಲೇರುತ್ತದೆ. ಅಮೆರಿಕದ ಟೀವಿ ಜಾಹೀರಾತುಗಳಿಂದ ಮನೆಮಾತಾದ ರಾನ್ ಪೋಪೀಲ್ ಅವರ ಹಳೆಯ ಯಂತ್ರ ಈ ಜಾತಿಯದು. ಹಳೆ ಸಾಮಾನಿನ ಮಾರಾಟದಲ್ಲಿ ಐದು, ಹತ್ತು ಡಾಲರಿಗೆ ಈಗಲೂ ಸಿಗುತ್ತದೆ. ಸೇಬು, ಪುದೀನ ಒಣಗಿಸಿಕೊಳ್ಳಿ. ಮಾಂಸಕ್ಕೆ ಮಾತ್ರ ಬೇಡ. ಕಾವು ಹೆಚ್ಚು ಕಡಿಮೆ ಮಾಡುವ ಗುಂಡಿಯೂ ಅದರಲ್ಲಿ ಇಲ್ಲ.

ತಳದಲ್ಲಿ ಫ್ಯಾನಿರುವ, ಒಂದರ ಮೇಲೊಂದು ತಟ್ಟೆ ಪೇರಿಸುವ ಯಂತ್ರಗಳು ಅಗ್ಗ. ಕೆಳಗಿನ ತಟ್ಟೆ ಬೇಗ ಒಣಗುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ, ಆದ್ದರಿಂದ ಗಂಟೆಗೊಮ್ಮೆ ಎದ್ದು ತಟ್ಟೆ ಅದಲು ಬದಲು ಮಾಡುತ್ತಿರಬೇಕು. ಅದನ್ನಾದರೂ ಸಹಿಸಬಹುದು. ಜರ್ಕಿಗೆ ನಿಜವಾದ ತೊಂದರೆ ಬೇರೆ. ಸೋಯಾ ಸಾಸಿನಲ್ಲಿ ನೆನೆದ ಮಾಂಸದಿಂದ ಮೊದಲ ಗಂಟೆಯಲ್ಲಿ ಕೆಂಗಂದು ನೀರು ತೊಟ್ಟಿಕ್ಕುತ್ತದೆ. ಅದು ಇಳಿದು ಹೋಗುವುದು ನೇರ ಮೋಟರಿನ ಕಡೆಗೆ. ಸಕ್ಕರೆ ಬೆರೆತ ಆ ರಸ ತಂತಿಯ ಸುತ್ತ ಸುಟ್ಟು ಕರಕಲಾಗಿ ಅಂಟುತ್ತದೆ. ಆ ಭಾಗವನ್ನು ನೀರಿಗೆ ಹಾಕುವಂತಿಲ್ಲ, ಬಿಚ್ಚುವಂತಿಲ್ಲ. ಮುಂದಿನ ಸಲ ಬಾಳೆಹಣ್ಣು ಒಣಗಿಸಿದರೂ ಜಿಂಕೆ ಮಸಾಲೆಯ ಕಮಟು ವಾಸನೆ.

ಫ್ಯಾನು ಮೇಲಿನ ಮುಚ್ಚಳದಲ್ಲಿದ್ದರೆ ಈ ಕಾಟ ತಪ್ಪಿತು. ರಸ ತಳದ ತಟ್ಟೆಗೆ ಬೀಳುತ್ತದೆ, ತೊಳೆದರಾಯಿತು. ವಿಸ್ಕಾನ್ಸಿನ್‌ನದೇ ಕಂಪನಿ ನೆಸ್ಕೋ ಇಂಥವನ್ನು ಬಹುಕಾಲದಿಂದ ಮಾಡುತ್ತಿದೆ. ಅದರ ಎಫ್‌ಡಿ-75 ಮಾದರಿ 600 ವ್ಯಾಟ್‌ನದು, 160 ಡಿಗ್ರಿವರೆಗೆ ಕಾವು ಹೊಂದಿಸಬಹುದು, ಐದು ತಟ್ಟೆಯೊಂದಿಗೆ ಬರುತ್ತದೆ. ಬೇಕಾದರೆ ಹನ್ನೆರಡರವರೆಗೆ ತಟ್ಟೆ ಸೇರಿಸಿಕೊಳ್ಳಬಹುದು ಎನ್ನುತ್ತಾರೆ. ಹಣ್ಣಿಗೆ ಹೌದು. ಮಾಂಸಕ್ಕೆ ಅಷ್ಟು ಪೇರಿಸಬೇಡಿ. ತಟ್ಟೆ ಹೆಚ್ಚಿದಷ್ಟೂ ಅದೇ 600 ವ್ಯಾಟ್ ಹಂಚಿಹೋಗುತ್ತದೆ.

ಮೂರನೆಯದು ಓವನ್ನಿನಂತೆ ಕಾಣುವ ಪೆಟ್ಟಿಗೆ. ಫ್ಯಾನು ಹಿಂದಿನ ಗೋಡೆಯಲ್ಲಿ, ತಟ್ಟೆಗಳು ಮೇಜಿನ ಡ್ರಾಯರಿನ ಹಾಗೆ ಒಳಗೆ ಹೊರಗೆ ಸರಿಯುತ್ತವೆ, ಗಾಳಿ ಎಲ್ಲ ತಟ್ಟೆಗಳ ಮೇಲೂ ಅಡ್ಡಲಾಗಿ ಬೀಸುತ್ತದೆ. ತಟ್ಟೆ ಅದಲು ಬದಲು ಮಾಡುವ ಕೆಲಸ ಬಹಳ ಕಡಿಮೆ, ಹೆಚ್ಚೆಂದರೆ ನಡುವೆ ಒಮ್ಮೆ ಹಿಂದುಮುಂದು ತಿರುಗಿಸಬೇಕು. ಈ ವಿನ್ಯಾಸಕ್ಕೆ ಹೆಸರಾದದ್ದು ಎಕ್ಸ್‌ಕ್ಯಾಲಿಬರ್. ಅದರ ಒಂಬತ್ತು ತಟ್ಟೆಯ ಯಂತ್ರದಲ್ಲಿ 15 ಚದರ ಅಡಿ ಜಾಗ ಸಿಗುತ್ತದೆ. ಇದೇ ಮಾದರಿಯಲ್ಲಿ ಸ್ಟೀಲ್ ತಟ್ಟೆಯ, ಇದಕ್ಕಿಂತ ಅಗ್ಗದ ಯಂತ್ರಗಳು ಈಗ ಹಲವು ಬಂದಿವೆ. ಜರ್ಕಿಯೇ ಮುಖ್ಯ ಉದ್ದೇಶವಾದರೆ ನನ್ನ ಮತ ಈ ಜಾತಿಗೆ. ತಟ್ಟೆಯ ನಡುವೆ ತೂತಿಲ್ಲದ್ದರಿಂದ ಉದ್ದನೆಯ ಪಟ್ಟಿಗಳನ್ನು ಮಡಿಸದೆ ಹರಡಬಹುದು. ಗುಂಡನೆಯ ತಟ್ಟೆಯಲ್ಲಿ ಆ ಭಾಗ್ಯವಿಲ್ಲ.

ಗುಂಡಿಯನ್ನು ನಂಬಬೇಡಿ

ಕಾವು ಹೊಂದಿಸುವ ಗುಂಡಿ ಇರಲೇಬೇಕು, ಅದು ಕನಿಷ್ಠ 160 ಡಿಗ್ರಿ ತೋರಿಸಬೇಕು. ಇದು ಮೊದಲ ಜರಡಿ. ಇದರಲ್ಲಿ ನಿಲ್ಲದ ಯಂತ್ರದ ಉಳಿದ ಗುಣಗಳನ್ನು ಓದುವುದೇ ಬೇಡ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಮನೆಯಲ್ಲಿ ಜರ್ಕಿ ಮಾಡುವವರಿಗೆ ಕೊಡುವ ಸೂಚನೆ ಇದು: 145ರಿಂದ 155 ಡಿಗ್ರಿ (63-68 ಸೆಲ್ಸಿಯಸ್) ಕಾವನ್ನು ಕನಿಷ್ಠ ನಾಲ್ಕು ಗಂಟೆ ಬಿಡದೆ ಹಿಡಿದಿರಬೇಕು, ಆಮೇಲೆ 275 ಡಿಗ್ರಿಗೆ (135 ಸೆಲ್ಸಿಯಸ್) ಕಾಯಿಸಿದ ಓವನ್ನಿನಲ್ಲಿ ಹತ್ತು ನಿಮಿಷ ಇಡಬೇಕು.

"ಬಿಡದೆ ಹಿಡಿದಿರಬೇಕು" ಎಂಬಲ್ಲೇ ಅಗ್ಗದ ಯಂತ್ರಗಳು ಸೋಲುತ್ತವೆ. ಪರೀಕ್ಷಿಸುವುದು ಕಷ್ಟವಲ್ಲ. ತಂತಿಯ ತುದಿಯಲ್ಲಿ ಸಣ್ಣ ಮೊನೆಯಿರುವ ಡಿಜಿಟಲ್ ಥರ್ಮಾಮೀಟರ್ ಒಂದು ಕೊಳ್ಳಿ, ಇಪ್ಪತ್ತು ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಯಂತ್ರವನ್ನು ಖಾಲಿಯಾಗಿಯೇ 160ಕ್ಕೆ ಇಟ್ಟು ಅರ್ಧ ಗಂಟೆ ಓಡಿಸಿ. ಮೊನೆಯನ್ನು ಮೊದಲು ನಡುತಟ್ಟೆಯ ಮಧ್ಯೆ ಇಡಿ, ಆಮೇಲೆ ಬಾಗಿಲಿನ ಬಳಿಯ ಮೂಲೆಯಲ್ಲಿ, ಕೊನೆಗೆ ಎಲ್ಲಕ್ಕಿಂತ ಮೇಲಿನ ತಟ್ಟೆಯಲ್ಲಿ. ಅಂಕಿ ಒಂದೇ ಕಡೆ ನಿಲ್ಲುವುದಿಲ್ಲ. ತಂತಿ ಕಾದಾಗ ಏರುತ್ತದೆ, ಆರಿದಾಗ ಇಳಿಯುತ್ತದೆ. ಹತ್ತು ನಿಮಿಷ ನೋಡಿ ಅತಿ ಹೆಚ್ಚು, ಅತಿ ಕಡಿಮೆ ಎರಡನ್ನೂ ಬರೆದಿಟ್ಟುಕೊಳ್ಳಿ. ಖಾಲಿ ಯಂತ್ರದಲ್ಲೇ ಯಾವುದಾದರೂ ಮೂಲೆ 145 ಮುಟ್ಟದಿದ್ದರೆ ಹಸಿ ಮಾಂಸ ತುಂಬಿದ ಮೇಲೆ ಖಂಡಿತ ಮುಟ್ಟದು. ವಾಪಸ್ ಮಾಡುವ ಅವಧಿ ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿಬಿಡಿ. ಮಸಾಲೆ ಅಂಟಿದ ಯಂತ್ರವನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಳ್ಳಲಾರರು.

ಇನ್ನೊಂದು ಸಂಗತಿ ಚಳಿ. ಫ್ಯಾನಿನ ಸದ್ದು, ವಾಸನೆ ಬೇಡವೆಂದು ಯಂತ್ರವನ್ನು ಗರಾಜಿನಲ್ಲಿಡುವುದು ಅಲ್ಲಿನ ರೂಢಿ. ಸೆಪ್ಟೆಂಬರಿನಲ್ಲಿ ಸರಿ. ಜನವರಿಯಲ್ಲಿ ಸೊನ್ನೆಗಿಂತ ಕೆಳಗಿನ ಗರಾಜಿನಲ್ಲಿ ತೆಳು ಗೋಡೆಯ ಯಂತ್ರ ಎಷ್ಟು ಕಾದರೂ ಸಾಲದು. ಒಳಗೇ ಇಟ್ಟು ಚಿಮಣಿ ಫ್ಯಾನು ಹಾಕಿಕೊಳ್ಳುವುದು ವಾಸಿ.

ಎಷ್ಟು ದೊಡ್ಡದು ಬೇಕು?

ಕಾಲಂಗುಲ (6 ಮಿ.ಮೀ.) ದಪ್ಪಕ್ಕೆ ಸೀಳಿದ ಅರ್ಧ ಕೆ.ಜಿ. ಮಾಂಸವನ್ನು ಒಂದಕ್ಕೊಂದು ತಾಗದಂತೆ ಹರಡಲು ಸುಮಾರು ಒಂದು ಚದರ ಅಡಿ ಬೇಕು. ಈ ಲೆಕ್ಕದಲ್ಲಿ ಐದು ಗುಂಡು ತಟ್ಟೆಯ ಯಂತ್ರ ಒಂದು ಸಲಕ್ಕೆ ಎರಡು, ಎರಡೂವರೆ ಕೆ.ಜಿ. ಹಿಡಿಯುತ್ತದೆ. 15 ಚದರ ಅಡಿಯದು ಆರೇಳು ಕೆ.ಜಿ. ಒಂದು ಕೆ.ಜಿ. ಹಸಿ ಮಾಂಸ ಒಣಗಿದರೆ ಉಳಿಯುವುದು ಕಾಲು ಕೆ.ಜಿ. ಅಷ್ಟೇ. ಮೊದಲ ಸಲ ಮಾಡಿದವರಿಗೆಲ್ಲ "ಉಳಿದದ್ದು ಎಲ್ಲಿ ಹೋಯಿತು" ಎಂದು ಅನ್ನಿಸುತ್ತದೆ.

ಸಾಧಾರಣ ಗಾತ್ರದ ಬಿಳಿಬಾಲದ ಜಿಂಕೆಯಿಂದ ಮೂಳೆ ಬಿಡಿಸಿ ಇಪ್ಪತ್ತು ಕೆ.ಜಿ. ಆಸುಪಾಸು ಮಾಂಸ ಸಿಗುತ್ತದೆ. ಎಲ್ಲವೂ ಜರ್ಕಿಗಲ್ಲ. ಬೆನ್ನುದ್ದದ ಮೆತ್ತನೆಯ ಮಾಂಸವನ್ನು ಜರ್ಕಿ ಮಾಡುವುದು ದುಂದು, ಅದನ್ನು ಬಾಣಲೆಯಲ್ಲಿ ಬೇಯಿಸಿ ತಿನ್ನಿ. ಜರ್ಕಿಗೆ ಹಿಂದೊಡೆಯ ನಾರು ನಾರಾದ, ಕೊಬ್ಬಿಲ್ಲದ ಮಾಂಸ. ಇಡೀ ಜಿಂಕೆ ಮನೆಗೆ ಬರುವವರಿಗೆ ಮಾತ್ರ ಒಂಬತ್ತು ತಟ್ಟೆ ಬೇಕು.

ಕರೆಂಟಿನ ಖರ್ಚಿಗೆ ಹೆದರಬೇಕಿಲ್ಲ. 600 ವ್ಯಾಟ್ ಯಂತ್ರ ಆರು ಗಂಟೆ ಎಡೆಬಿಡದೆ ಉರಿದರೂ 3.6 ಯೂನಿಟ್.

ತಟ್ಟೆ ಸ್ಟೀಲಿನದಾದರೆ ಒಳ್ಳೆಯದು, ಪ್ಲಾಸ್ಟಿಕ್ಕಿನದಾದರೂ ನಡೆಯುತ್ತದೆ. ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕುವಂತಿರಬೇಕು, ಹಸಿ ಮಾಂಸ ಮುಟ್ಟಿದ ಜಾಲರಿಯನ್ನು ಕೈಯಲ್ಲಿ ಉಜ್ಜಿ ಸ್ವಚ್ಛ ಮಾಡುವುದು ಯಾತನೆ. ನಿಗದಿತ ಹೊತ್ತಿಗೆ ತಾನೇ ಆರುವ ಟೈಮರ್ ಇರಲಿ. ಗಾಜಿನ ಬಾಗಿಲು, ಒಳಗಿನ ದೀಪ, ಫೋನಿನ ಆಪ್ ಇವುಗಳಿಗೆ ಹೆಚ್ಚು ದುಡ್ಡು ಕೊಡಬೇಡಿ. ಆ ದುಡ್ಡಿಗೆ ಥರ್ಮಾಮೀಟರ್ ಬರುತ್ತದೆ.

ಯಂತ್ರ ಸರಿಮಾಡಲಾಗದ ಮಾಂಸ

ಎಂಥ ಯಂತ್ರ ತಂದರೂ ಕೆಲವು ಮಾಂಸವನ್ನು ಅದು ಸುರಕ್ಷಿತ ಮಾಡಲಾರದು. ಜಿಂಕೆ, ಎಲ್ಕ್‌ಗಳಿಗೆ ತಗಲುವ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗ 1967ರಲ್ಲಿ ಕೊಲೊರಾಡೋದಲ್ಲಿ ಮೊದಲು ಕಂಡಿತು, 2002ರಲ್ಲಿ ವಿಸ್ಕಾನ್ಸಿನ್ ತಲುಪಿತು. ಇದಕ್ಕೆ ಕಾರಣವಾದ ಪ್ರಿಯಾನ್ ಅಡುಗೆಯ ಕಾವಿಗೆ ನಾಶವಾಗುವುದಿಲ್ಲ. ಮನುಷ್ಯರಿಗೆ ಹರಡಿದ ಖಚಿತ ಪ್ರಕರಣ ಇದುವರೆಗೆ ಇಲ್ಲವಾದರೂ, ರೋಗ ಇರುವ ಪ್ರದೇಶದ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ಸೋಂಕು ಕಂಡರೆ ತಿನ್ನಬೇಡಿ ಎಂಬುದು ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ಸಲಹೆ. ವಿಸ್ಕಾನ್ಸಿನ್‌ನಲ್ಲಿ ಪರೀಕ್ಷೆ ಉಚಿತ. ಮಾಂಸ ಕೊಟ್ಟವರನ್ನು "ಟೆಸ್ಟ್ ಮಾಡಿಸಿದ್ದೀರಾ?" ಎಂದು ಕೇಳಲು ಸಂಕೋಚ ಬೇಡ. ಬೇಟೆಗಾರರು ಅದನ್ನು ತಪ್ಪು ತಿಳಿಯುವುದಿಲ್ಲ.

ಕರಡಿ ಮಾಂಸದಲ್ಲಿ ಟ್ರೈಕಿನೆಲ್ಲ ಎಂಬ ಹುಳು ಇರಬಹುದು. ಅದರ ಕೆಲವು ಜಾತಿ ಫ್ರೀಜರಿನಲ್ಲೂ ಬದುಕುತ್ತದೆ. ಉಪ್ಪು, ಹೊಗೆ, ಒಣಗಿಸುವಿಕೆ ಇವಾವುದನ್ನೂ ಅದರ ವಿಷಯದಲ್ಲಿ ನಂಬುವಂತಿಲ್ಲ. ಕರಡಿ ಜರ್ಕಿಯ ಗೋಜಿಗೆ ಹೋಗದಿರುವುದೇ ಮೇಲು. ಕಾಡುಹಂದಿಗೂ ಈ ಹುಳುವಿನ ಭಯ ಉಂಟು. ಟೆಕ್ಸಾಸ್ ಕಡೆ ಇರುವವರು ಹಸಿ ಮಾಂಸವನ್ನು ಗ್ಲೌಸ್ ಹಾಕಿಯೇ ಮುಟ್ಟಿ, ಏಕೆಂದರೆ ಆ ಹಂದಿಗಳಲ್ಲಿ ಬ್ರೂಸೆಲ್ಲ ಎಂಬ ರೋಗಾಣುವೂ ಇರುತ್ತದೆ. ಇನ್ನು ಸೀಸದ ಗುಂಡಿನ ವಿಚಾರ. ಗುಂಡು ಒಳಗೆ ಸಿಡಿದು ಸಣ್ಣ ಚೂರುಗಳು ಗಾಯದಿಂದ ದೂರಕ್ಕೂ ಹರಡಿರುತ್ತವೆ. ಇದೇ ಕಾರಣಕ್ಕೆ 2008ರಲ್ಲಿ ನಾರ್ತ್ ಡಕೋಟದಲ್ಲಿ ದಾನವಾಗಿ ಬಂದ ಜಿಂಕೆ ಖೀಮಾ ಹಂಚಬೇಡಿ ಎಂದು ಆಹಾರ ಕೇಂದ್ರಗಳಿಗೆ ಸೂಚಿಸಿದ್ದರು. ಗುಂಡು ಬಿದ್ದ ಕಡೆಯ ಮಾಂಸವನ್ನು ಧಾರಾಳವಾಗಿ ಕತ್ತರಿಸಿ ಎಸೆಯಿರಿ. ಮನೆಯಲ್ಲಿ ಮಕ್ಕಳಿದ್ದರೆ ತಾಮ್ರದ ಗುಂಡು ಬಳಸುವವರಿಂದಲೇ ಮಾಂಸ ಪಡೆಯಿರಿ.

ಒಣಗಿಸುವ ಕ್ರಮ

ಮಾಂಸ ಅರೆಬರೆ ಹೆಪ್ಪುಗಟ್ಟಿರುವಾಗಲೇ ಸೀಳಿ, ಚಾಕು ಜಾರದೆ ಒಂದೇ ದಪ್ಪ ಬರುತ್ತದೆ. ನಾರಿನ ಉದ್ದಕ್ಕೆ ಸೀಳಿದರೆ ಜಗಿಯಲು ಗಟ್ಟಿ, ನಾರಿಗೆ ಅಡ್ಡಲಾಗಿ ಸೀಳಿದರೆ ಮೆದು. ಕೊಬ್ಬು, ಬಿಳಿಯ ಪೊರೆ ಕಂಡಷ್ಟನ್ನೂ ತೆಗೆಯಿರಿ. ಜಿಂಕೆಯ ಕೊಬ್ಬು ಬೇಗ ಮುಗ್ಗಲಾಗುತ್ತದೆ, ಬಾಯಿಗೆ ಮೇಣದಂತೆ ಅಂಟುತ್ತದೆ. ಫ್ರಿಜ್ಜಿನಲ್ಲಿಟ್ಟು ಮಸಾಲೆಯಲ್ಲಿ ನೆನೆಸಿ. ಸೋಯಾ ಸಾಸಿಗೆ ಕಾಳುಮೆಣಸು, ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಪುಡಿ ಚೆನ್ನಾಗಿ ಹೊಂದುತ್ತವೆ. ಕೊಡಗಿನವರು ಕಾಚಂಪುಳಿಯ ನಾಲ್ಕು ಹನಿ ಬಿಡದೆ ಇರಲಾರರು. ಬಿಡಲಿ, ಆದರೆ ಅದು ರುಚಿಗಷ್ಟೇ. ಹುಳಿ ಕಾವಿನ ಜಾಗ ತುಂಬುವುದಿಲ್ಲ.

ಈಗ ಆ 160 ಡಿಗ್ರಿ ಮುಟ್ಟಿಸುವ ಕೆಲಸ. ಒಂದು ದಾರಿ, ಪಟ್ಟಿಗಳನ್ನು ನೆನೆಸಿದ ರಸದೊಂದಿಗೇ ಒಲೆಯ ಮೇಲಿಟ್ಟು ಐದು ನಿಮಿಷ ಕುದಿಸಿ, ಬಸಿದು, ಬಿಸಿಯಿರುವಾಗಲೇ ತಟ್ಟೆಗೆ ಹರಡುವುದು. ಖಚಿತವಾದ ದಾರಿ, ಆದರೆ ಜರ್ಕಿ ಸ್ವಲ್ಪ ಪುಡಿಪುಡಿಯಾಗುತ್ತದೆ. ಇನ್ನೊಂದು, ಮೇಲೆ ಹೇಳಿದ ವಿಸ್ಕಾನ್ಸಿನ್ ಕ್ರಮ. ಜಗಿಯುವ ಹದ ಇದರಲ್ಲೇ ಚೆನ್ನ, ಆದರೆ ಯಂತ್ರ ನಂಬಿಕಸ್ತವಾಗಿರಬೇಕು. ಖೀಮಾ ಜರ್ಕಿಗೆ ಇನ್ನೂ ಎಚ್ಚರ ಬೇಕು. ಇಡೀ ಮಾಂಸದಲ್ಲಿ ರೋಗಾಣು ಮೇಲ್ಮೈಯಲ್ಲಿರುತ್ತದೆ, ಖೀಮಾದಲ್ಲಿ ಒಳಗೆಲ್ಲ ಬೆರೆತಿರುತ್ತದೆ.

ಹಲವು ಪಾಕವಿಧಾನಗಳಲ್ಲಿ "ಪಿಂಕ್ ಸಾಲ್ಟ್" ಎಂದು ಬರೆದಿರುತ್ತದೆ. ಅದು ನಮ್ಮ ಇಂದುಪ್ಪು ಅಲ್ಲ. ಅದು 6.25 ಶೇಕಡ ಸೋಡಿಯಂ ನೈಟ್ರೈಟ್ ಬೆರೆಸಿ, ಗುರುತಿಗೆಂದು ಬಣ್ಣ ಹಾಕಿದ ಉಪ್ಪು. ಸುಮಾರು ಎರಡೂಕಾಲು ಕೆ.ಜಿ. ಮಾಂಸಕ್ಕೆ ಒಂದು ಟೀ ಚಮಚ ಮಟ್ಟಸ, ಅಷ್ಟೇ. ಅಳತೆ ಮೀರಿದರೆ ವಿಷ. ಇಂದುಪ್ಪಿನ ಡಬ್ಬದ ಪಕ್ಕ ಅದನ್ನು ಯಾವ ಕಾರಣಕ್ಕೂ ಇಡಬೇಡಿ.

ಒಣಗಿದೆಯೋ ಎಂದು ನೋಡಲು ಒಂದು ಪಟ್ಟಿಯನ್ನು ತೆಗೆದು ಪೂರ್ತಿ ತಣ್ಣಗಾಗಲು ಬಿಟ್ಟು ಬಗ್ಗಿಸಿ. ಬಿರುಕು ಬಿಡಬೇಕು, ಎರಡು ತುಂಡಾಗಬಾರದು. ಮೇಲೆ ಕೊಬ್ಬಿನ ಹನಿ ಕಂಡರೆ ಕಾಗದದಿಂದ ಒತ್ತಿ ತೆಗೆಯಿರಿ. ಗಾಳಿಯಾಡದ ಡಬ್ಬದಲ್ಲಿ ಹೊರಗಿಟ್ಟರೆ ಎರಡು ವಾರದೊಳಗೆ ಮುಗಿಸಿ, ಹೆಚ್ಚು ದಿನ ಬೇಕಾದರೆ ಫ್ರಿಜ್ಜು, ಫ್ರೀಜರು. ಊರಿಗೆ ಹೊರಟಾಗ ಸೂಟ್‌ಕೇಸಿಗೆ ಹಾಕಬೇಡಿ, ಮಾಂಸದ ಪದಾರ್ಥ ಭಾರತಕ್ಕೆ ತರಲು ಸರಕಾರದ ಪರವಾನಗಿ ಬೇಕು.

ಯಾರಿಗೆ ಯಾವುದು?

ವರ್ಷಕ್ಕೊಮ್ಮೆ ನಾಲ್ಕು ಪೊಟ್ಟಣ ಸಿಗುವವರು ಯಂತ್ರ ಕೊಳ್ಳಲೇ ಬೇಡಿ. ಫ್ಯಾನಿರುವ ಓವನ್ನನ್ನು ಅದರ ಅತಿ ಕಡಿಮೆ ಕಾವಿಗೆ, ಹಲವದರಲ್ಲಿ ಅದು 170 ಡಿಗ್ರಿ (77 ಸೆಲ್ಸಿಯಸ್), ಇಟ್ಟು, ತೇವ ಹೊರಹೋಗಲು ಬಾಗಿಲಿಗೆ ಮರದ ಸೌಟು ಸಿಕ್ಕಿಸಿದರೆ ಕೆಲಸ ಆಗುತ್ತದೆ. ಮಕ್ಕಳಿರುವ ಮನೆಯಲ್ಲಿ ಅದರ ಮುಂದೆ ಒಬ್ಬರು ಇರಬೇಕು, ಅಷ್ಟೇ. ಚಳಿಗಾಲ ಪೂರ್ತಿ ಆಗಾಗ ಮಾಡುವವರಿಗೆ, ಜೊತೆಗೆ ಬೇಸಿಗೆಯಲ್ಲಿ ಟೊಮೇಟೊ, ಸೇಬು ಒಣಗಿಸುವವರಿಗೆ ಮೇಲೆ ಫ್ಯಾನಿರುವ, ನೂರು ಡಾಲರ್ ಒಳಗಿನ ಯಂತ್ರ ಸಾಕು. ಸ್ವತಃ ಬೇಟೆಗೆ ಹೋಗುವವರು, ಇಡೀ ಜಿಂಕೆ ಹಂಚಿಕೊಳ್ಳುವವರು ಹಿಂದೆ ಫ್ಯಾನಿರುವ ಪೆಟ್ಟಿಗೆಯನ್ನೇ ಕೊಳ್ಳಲಿ. ಎರಡು ಪಟ್ಟು ದುಡ್ಡು ಹೋದರೂ ಆ ಹೆಚ್ಚಿನ ದುಡ್ಡಿಗೆ ಅದು ಕೆಲಸ ಮಾಡಿ ತೋರಿಸುತ್ತದೆ.

ಅಮೆರಿಕದಲ್ಲಿ ಕೊಂಡ ಯಂತ್ರ 120 ವೋಲ್ಟಿನದು. ಊರಿನ 230 ವೋಲ್ಟಿಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ, 600 ವ್ಯಾಟ್ ಎಳೆಯುವ ಟ್ರಾನ್ಸ್‌ಫಾರ್ಮರ್ ಭಾರವೂ ಹೌದು, ದುಬಾರಿಯೂ ಹೌದು. ವಾಪಸ್ ಬರುವವರು ಯಂತ್ರವನ್ನು ಅಲ್ಲೇ ಯಾರಿಗಾದರೂ ಕೊಟ್ಟು ಬನ್ನಿ.